ನಕ್ಷತ್ರದ ಅಂಕಿತ, ಅದ್ರ ಮೇಲೆ ಬೇರೆಯವ್ರ ಸಹಿ: ಜೂಡಿತ್ ಲೈಸ್ಟರ್ ಪ್ರಕರಣ

ಚಿತ್ರಕಲೆ ಕಲಿಯೋರಿಗೆ ಒಂದೇ ಒಂದು ಪ್ರಕರಣ ಬಿಡಿಸಿ ಹೇಳು ಅಂದ್ರೆ ನಾನು ಆರಿಸ್ಕೊಳ್ಳೋದು ಇದನ್ನೇ. ಪ್ರಕರಣ ಅಧ್ಯಯನದಲ್ಲಿ ಹೆಸರು ಮುಚ್ಚಿಡೋದು ರೂಢಿ, ಅದಕ್ಕೆ ಇದ್ರಲ್ಲಿ ಬರೋ ವ್ಯಾಪಾರಿ, ಅಂಗಡಿಯವ್ರು, ಗಿರಾಕಿ, ನಡುವೆ ಬರೋ ಒಬ್ಬ ಶಿಷ್ಯ ಇವ್ರ್ಯಾರ ಹೆಸರನ್ನೂ ಹಾಕಿಲ್ಲ. ಚಿತ್ರ ಬರೆದವಳ ಹೆಸರು ಮಾತ್ರ ನಾನು ಮುಚ್ಚಲ್ಲ, ಯಾಕಂದ್ರೆ ಇನ್ನೂರು ವರ್ಷಕ್ಕಿಂತ ಜಾಸ್ತಿ ಅದು ಮುಚ್ಚಿಹೋಗಿತ್ತು, ಇಲ್ಲಿನ ಸಮಸ್ಯೇನೇ ಅದು. ಅವಳು ಜೂಡಿತ್ ಲೈಸ್ಟರ್, ಹಾಲೆಂಡಿನ ಹಾರ್ಲೆಮ್ ಊರಿನವಳು, ಹುಟ್ಟಿದ್ದು 1609, ಸತ್ತಿದ್ದು 1660.

ಮೊದಲು ಸಮಸ್ಯೆ ಹೇಳ್ಬಿಡ್ತೀನಿ. 1892ರಲ್ಲಿ ಲಂಡನ್ನಿನ ಒಬ್ಬ ವ್ಯಾಪಾರಿ ಹತ್ರ 1630ರ ಒಂದು ಚಿತ್ರ ಇತ್ತು. ಒಬ್ಬ ಗಂಡಸು ಪಿಟೀಲು ನುಡಿಸ್ತಿದಾನೆ, ಪಕ್ಕದಲ್ಲಿ ಹೆಂಗಸು ವೈನಿನ ಗ್ಲಾಸು ಎತ್ತಿ ಹಿಡ್ದಿದಾಳೆ, ಇಬ್ರೂ ಖುಷಿಯಾಗಿದಾರೆ. ಹಾರ್ಲೆಮ್ಮಿನ ಹೆಸರಾಂತ ಚಿತ್ರಗಾರ ಫ್ರಾನ್ಸ್ ಹಾಲ್ಸ್ ಬರೆದ ಚಿತ್ರಗಳಲ್ಲೇ ತುಂಬಾ ಒಳ್ಳೇದು ಇದು ಅಂತ ವ್ಯಾಪಾರಿ ಹೇಳಿದ, ಆ ಕಾಲದ ದೊಡ್ಡ ಇಂಗ್ಲಿಷ್ ಕಲಾವಿದರೊಬ್ರು ಹೌದೌದು ಅಂದ್ರು, 4,500 ಪೌಂಡ್ ಕೊಟ್ಟು ಇನ್ನೊಂದು ಅಂಗಡಿಯವ್ರು ಕೊಂಡ್ಕೊಂಡ್ರು, ಅವ್ರು ಅದನ್ನ ಪ್ಯಾರಿಸ್ಸಿನ ಒಬ್ಬ ಶ್ರೀಮಂತ ಗಿರಾಕಿಗೆ ಮಾರಿದ್ರು. ಅಲ್ಲಿಗೆ ಹೋದ್ಮೇಲೆ ಸಹಿ ಜಾಗವನ್ನ ಹತ್ರದಿಂದ ನೋಡಿದಾಗ ಗೊತ್ತಾಯ್ತು, ಹಾಲ್ಸ್ ಸಹಿ ಆಮೇಲೆ ಹಾಕಿದ್ದು, ಅದ್ರ ಕೆಳಗೆ ಇನ್ನೊಂದು ಗುರುತು ಇದೆ: ಜೆ ಅಕ್ಷರ, ಎಲ್ ಅಕ್ಷರ ಒಂದರ ಮೇಲೊಂದು ಹೆಣ್ಕೊಂಡಿವೆ, ಎಲ್ ಪಕ್ಕದಲ್ಲಿ ಪುಟ್ಟದಾಗಿ ಒಂದು ನಕ್ಷತ್ರ.

ಗಿರಾಕಿ ಅಂಗಡಿಯವ್ರ ಮೇಲೆ ಬಿದ್ದ, ಅಂಗಡಿಯವ್ರು ಮೊದಲು ಮಾರಿದ ವ್ಯಾಪಾರಿ ಮೇಲೆ ಬಿದ್ರು, ಕೇಸು ಕೋರ್ಟಿಗೆ ಹೋಯ್ತು. ಈ ಕೇಸಿಗೆ ಆಮೇಲೆ ಬರ್ತೀನಿ, ಮೊದಲು ಆ ನಕ್ಷತ್ರ ಎಲ್ಲಿಂದ ಬಂತು ಅಂತ ನೋಡ್ಬೇಕು.

ಹಿನ್ನೆಲೆ

ಜೂಡಿತ್ ಅಪ್ಪ ಬಟ್ಟೆ ಕಸುಬಿನವನು, ಆಮೇಲೆ ಬಿಯರ್ ತಯಾರಿಸೋ ಬ್ರೂವರಿ ನಡೆಸ್ದ. ಬ್ರೂವರಿ ಹೆಸರು ಲೈಸ್ಟರ್, ಅಂದ್ರೆ ಹಡಗಿನವ್ರಿಗೆ ದಾರಿ ತೋರ್ಸೋ ನಕ್ಷತ್ರ, ನಾವು ಧ್ರುವ ನಕ್ಷತ್ರ ಅಂತೀವಲ್ಲ ಅದು. ಮನೆಯವ್ರು ಅದನ್ನೇ ಮನೆತನದ ಹೆಸರು ಮಾಡ್ಕೊಂಡ್ರು. ಒಂಬತ್ತು ಮಕ್ಕಳಲ್ಲಿ ಇವಳು ಎಂಟನೆಯವಳು. 1620ರ ದಶಕದ ನಡುವೆ ಅಪ್ಪ ದಿವಾಳಿ ಆದ. ಅದು ಯಾಕೆ ಮುಖ್ಯ ಅಂದ್ರೆ, ಬರೋಕ್ ಕಾಲದಲ್ಲಿ, ಅಂದ್ರೆ ಯುರೋಪಿನ 17ನೇ ಶತಮಾನದ ಹೊತ್ತಲ್ಲಿ, ಹೆಸರು ಮಾಡಿದ ಚಿತ್ರಗಾರ್ತಿಯರನ್ನ ನೋಡಿ, ರೋಮಿನ ಅರ್ತೆಮೀಸಿಯಾ ಜೆಂಟಿಲೆಸ್ಕಿ ಇರ್ಲಿ, ಬೊಲೋನ್ಯಾದ ಎಲಿಸಬೆತ್ತಾ ಸಿರಾನಿ ಇರ್ಲಿ, ಇಬ್ರೂ ಚಿತ್ರಗಾರ ಅಪ್ಪನ ಮಕ್ಕಳು, ಬಣ್ಣ ಅರೆಯೋದು, ಕುಂಚ ಹಿಡಿಯೋದು ಮನೇಲೇ ಸಿಕ್ತು. ಇವಳಿಗೆ ಅದು ಇರ್ಲಿಲ್ಲ. ಮನೇಲಿ ಕುಂಚಾನೂ ಇಲ್ಲ, ದಿವಾಳಿ ಆದ್ಮೇಲೆ ದುಡ್ಡೂ ಇಲ್ಲ. ಹಂಗಿದ್ರೂ 1628ರಲ್ಲಿ ಸ್ಯಾಮ್ಯುಯೆಲ್ ಆಂಪ್ಸಿಂಗ್ ಅನ್ನೋರು ಹಾರ್ಲೆಮ್ ಊರನ್ನ ಹೊಗಳಿ ಒಂದು ಪುಸ್ತಕ ಬರೆದಾಗ ಅದ್ರಲ್ಲಿ ಇವಳನ್ನ ಚಿತ್ರಗಾರ್ತಿ ಅಂತ ನೆನೆಸ್ಕೊಂಡಿದಾರೆ, ಆಗ ಇವಳಿಗಿನ್ನೂ ಹತ್ತೊಂಬತ್ತರ ಆಸುಪಾಸು. ಮುಂದಿನ ವರ್ಷದಿಂದ, 1629ರಿಂದ, ಸಹಿ ಹಾಕಿದ ಚಿತ್ರಗಳು ಸಿಗ್ತವೆ.

ಸಹಿ ಹೆಂಗಿರ್ಬೇಕು ಅಂತ ಅವಳು ಮಾಡಿದ ತೀರ್ಮಾನವೇ ಈ ಪ್ರಕರಣದ ಮೊದಲ ತಿರುವು. ಪೂರ್ತಿ ಹೆಸರು ಬರೀಲಿಲ್ಲ. ಎರಡು ಅಕ್ಷರ, ಒಂದು ನಕ್ಷತ್ರ. ವಚನದ ಕೊನೇಲಿ ಅಂಕಿತ ಬರುತ್ತಲ್ಲ, ಅದನ್ನ ನೋಡಿದ ತಕ್ಷಣ ಬರೆದೋರು ಯಾರು ಅಂತ ಗೊತ್ತಾಗುತ್ತಲ್ಲ, ಹಂಗೆ. ಅಪ್ಪನ ಬ್ರೂವರಿ ಮುಳುಗಿಹೋಗಿತ್ತು, ಅದ್ರ ಹೆಸರನ್ನ ಮಗಳು ಎತ್ಕೊಂಡು ತನ್ನ ಗುರುತು ಮಾಡ್ಕೊಂಡ್ಳು, ಹಾರ್ಲೆಮ್ಮಲ್ಲಿ ಅದನ್ನ ನೋಡಿದೋರಿಗೆಲ್ಲ ಇದು ಲೈಸ್ಟರ್ ಅಂತ ಥಟ್ಟನೆ ತಿಳೀತಿತ್ತು. 1648ರಲ್ಲಿ ಥಿಯೋಡೋರಸ್ ಸ್ಕ್ರೆವೇಲಿಯಸ್ ಅನ್ನೋ ಇನ್ನೊಬ್ರು ಊರಿನ ಚರಿತ್ರೆ ಬರೆಯೋವಾಗ ಗಂಡಸ್ರಿಗೆ ಸಮ ಬರೋ ಚಿತ್ರಗಾರ್ತಿಯರ ಮಾತು ತೆಗ್ದು, ಅವ್ರಲ್ಲಿ ಜೂಡಿತ್ ಎಲ್ಲರಿಗಿಂತ ಮೇಲು, ಕಲೆಯ ನಿಜವಾದ ದಾರಿನಕ್ಷತ್ರ ಅಂತ ಹೆಸರಿನ ಮೇಲೇ ಮಾತು ಆಡಿ ಹೊಗಳಿದಾರೆ. ಅಂದ್ರೆ ಬದುಕಿದ್ದಾಗ ಅವಳು ಅನಾಮಿಕಳಲ್ಲ. ಈ ಒಂದು ವಿಷಯ ತಲೇಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಗಿಲ್ಡು, ಶಿಷ್ಯರು, ಜಗಳ

ಆಗ ಊರೂರಲ್ಲೂ ಕಸುಬಿನವ್ರ ಸಂಘ ಇರ್ತಿತ್ತು, ಗಿಲ್ಡ್ ಅಂತಾರೆ. ಚಿತ್ರಗಾರರದ್ದು ಸಂತ ಲೂಕನ ಹೆಸರಿನ ಗಿಲ್ಡು. ಅದ್ರ ಸದಸ್ಯತ್ವ ಇಲ್ದೆ ಸ್ವಂತ ವರ್ಕ್‌ಶಾಪ್ ಇಡೋ ಹಂಗಿಲ್ಲ, ಶಿಷ್ಯರನ್ನ ಇಟ್ಕೊಳ್ಳೋ ಹಂಗಿಲ್ಲ, ಊರಲ್ಲಿ ರಾಜಾರೋಷವಾಗಿ ಮಾರೋ ಹಂಗೂ ಇಲ್ಲ. 1633ರಲ್ಲಿ ಜೂಡಿತ್ ಅದ್ರ ಸದಸ್ಯೆ ಆದ್ಳು. ಹಾರ್ಲೆಮ್ ಗಿಲ್ಡಿಗೆ ಅವಳಿಗಿಂತ ಮುಂಚೆ, 1631ರಲ್ಲಿ, ಸಾರಾ ವಾನ್ ಬಾಲ್ಬರ್ಗನ್ ಅನ್ನೋ ಒಬ್ಬಳು ಸೇರಿದ್ಳು, ಆದ್ರೆ ಅವಳು ಬರೆದದ್ದು ಅಂತ ಒಂದು ಚಿತ್ರಾನೂ ಇವತ್ತು ನಮ್ಮ ಹತ್ರ ಇಲ್ಲ. ಒಂದೂ ಇಲ್ಲ. ನನಗೆ ಪ್ರತೀ ಸಲ ಅದನ್ನ ಓದಿದಾಗ ಸಂಕಟ ಆಗುತ್ತೆ.

ಎರಡು ವರ್ಷದಲ್ಲಿ ಇವಳ ಹತ್ರ ಮೂರು ಜನ ಹುಡುಗ್ರು ಕಲೀತಿದ್ರು. 1635ರಲ್ಲಿ ಅದ್ರಲ್ಲಿ ಒಬ್ಬ ಬಂದು ಕೆಲವೇ ದಿನಕ್ಕೆ ಗಿಲ್ಡಿನ ಒಪ್ಪಿಗೆ ಇಲ್ದೆ ಇವಳನ್ನ ಬಿಟ್ಟು ಫ್ರಾನ್ಸ್ ಹಾಲ್ಸ್ ವರ್ಕ್‌ಶಾಪಿಗೆ ಹೋಗಿ ಸೇರ್ಕೊಂಡ. ಹಾಲ್ಸ್ ಅಂದ್ರೆ ಊರಲ್ಲಿ ದೊಡ್ಡ ಹೆಸರು, ವಯಸ್ಸಲ್ಲಿ ಇವಳಿಗಿಂತ ಇಪ್ಪತ್ತೈದು ವರ್ಷಕ್ಕೂ ಹಿರಿಯ, ಸಾಲದ್ದಕ್ಕೆ 1631ರಲ್ಲಿ ಅವನ ಮಗುವಿನ ದೀಕ್ಷಾಸ್ನಾನಕ್ಕೆ ಇವಳೇ ಸಾಕ್ಷಿ ನಿಂತಿದ್ಳು, ಅಷ್ಟು ಹತ್ರದ ಒಡನಾಟ. ಹೋಗ್ಲಿ ಬಿಡು ದೊಡ್ಡವ್ರು ಅಂತ ಸುಮ್ನಾಗ್ಬಹುದಿತ್ತು. ಸುಮ್ನಾಗ್ಲಿಲ್ಲ. ಗಿಲ್ಡಿಗೆ ದೂರು ಕೊಟ್ಳು. ಹುಡುಗನ ತಾಯಿಯಿಂದ 8 ಗಿಲ್ಡರ್ (ಗಿಲ್ಡರ್ ಅಂದ್ರೆ ಆಗಿನ ಡಚ್ ನಾಣ್ಯ) ಕೇಳಿದ್ಳು, ಸಿಕ್ಕಿದ್ದು ಅರ್ಧ, 4 ಗಿಲ್ಡರ್. ಹಾಲ್ಸ್ ಹುಡುಗನ್ನ ವಾಪಸ್ ಕಳಿಸೋ ಬದ್ಲು 3 ಗಿಲ್ಡರ್ ದಂಡ ಕಟ್ಟಿ ಕೈ ತೊಳ್ಕೊಂಡ. ಇವಳಿಗೂ ಗಿಲ್ಡು ದಂಡ ಹಾಕ್ತು, ಯಾಕಂದ್ರೆ ಆ ಹುಡುಗನ ಹೆಸರನ್ನ ಗಿಲ್ಡಲ್ಲಿ ನೋಂದಾಯಿಸಿರ್ಲಿಲ್ಲ.

ಈ ಜಗಳವನ್ನ ಕೆಲವ್ರು ಸಣ್ಣದು ಅಂತ ಹಾರಿಸ್ಬಿಡ್ತಾರೆ, ನನಗೆ ಇದು ಬಹಳ ದೊಡ್ಡದಾಗಿ ಕಾಣುತ್ತೆ. ದುಡ್ಡಿನ ಲೆಕ್ಕದಲ್ಲಿ ಅವಳಿಗೆ ಗೆಲುವಲ್ಲ. ಆದ್ರೆ ದೂರು ಕೊಟ್ಟಿದ್ದಕ್ಕೇ ಅವಳ ಹೆಸರು ವರ್ಕ್‌ಶಾಪಿನ ಯಜಮಾನಿಯಾಗಿ ದಾಖಲೆ ಸೇರ್ತು, ಹಾಲ್ಸ್ ಶಿಷ್ಯೆಯಾಗಿ ಅಲ್ಲ, ಹಾಲ್ಸ್ ಎದುರು ನಿಂತವಳಾಗಿ. ಅವಳು ಹಾಲ್ಸ್ ಹತ್ರ ಕಲಿತ್ಳು ಅನ್ನೋದಕ್ಕೆ ಕಾಗದಪತ್ರದ ಆಧಾರ ಇಲ್ಲ, ಅವನ ಥರದ ಬೀಸು ಕುಂಚ ಇದೆ ಅಂತ ಜನ ಊಹೆ ಮಾಡಿದ್ದು. ಈ ದೂರಿಗೆ ಮಾತ್ರ ಕಾಗದ ಇದೆ.

ಅವಳ ಕೆಲಸ ಹಾಲ್ಸ್‌ಗಿಂತ ಎಲ್ಲಿ ಬೇರೆ ಅಂತ ಕೇಳಿದ್ರೆ ನಾನು 1631ರ ಒಂದು ಪುಟ್ಟ ಚಿತ್ರ ತೋರಿಸ್ತೀನಿ, ಹೇಗ್ ನಗರದ ಮಾರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿದೆ, ಎತ್ತರ ಬರೀ 31 ಸೆಂಟಿಮೀಟರ್ ಹತ್ರ, ಅಗಲ 24. ರಾತ್ರಿ, ಎಣ್ಣೆ ದೀಪ, ಒಬ್ಬ ಹೆಂಗಸು ಕೂತು ಹೊಲೀತಿದಾಳೆ. ಕಾಲಡಿ ಚಳಿಗೆ ಕೆಂಡದ ಪೆಟ್ಟಿಗೆ. ತುಪ್ಪಳದ ಟೋಪಿ ಹಾಕಿರೋ ಒಬ್ಬ ಗಂಡಸು ಅವಳ ಮೇಲೆ ಬಗ್ಗಿದಾನೆ, ಒಂದು ಕೈ ಅವಳ ಭುಜದ ಮೇಲೆ, ಇನ್ನೊಂದು ಅಂಗೈ ತುಂಬಾ ನಾಣ್ಯ. ಅವಳು ತಲೆ ಎತ್ತಿಲ್ಲ. ಕಣ್ಣು ಹೊಲಿಗೆ ಮೇಲೇ ಇದೆ, ಬಿಳಿ ರವಿಕೆ ಮೇಲೆ ದೀಪದ ಬೆಳಕು ಪೂರ್ತಿ ಬಿದ್ದಿದೆ, ಅವನ ನೆರಳು ಹಿಂದೆ ಗೋಡೆ ಮೇಲೆ ದೊಡ್ಡದಾಗಿ ನಿಂತಿದೆ. ಆ ಕಾಲದಲ್ಲಿ ಇಂಥ ವಿಷಯದ ಚಿತ್ರಗಳಲ್ಲಿ ಹೆಣ್ಣು ಸಾಮಾನ್ಯವಾಗಿ ನಗ್ತಾ ಇರ್ತಾಳೆ, ದುಡ್ಡಿಗೆ ಕೈ ಚಾಚ್ತಾಳೆ, ಪಕ್ಕದಲ್ಲಿ ಒಬ್ಬಳು ಮುದುಕಿ ವ್ಯವಹಾರ ಕುದುರಿಸ್ತಿರ್ತಾಳೆ. ಇಲ್ಲಿ ಮುದುಕಿ ಇಲ್ಲ, ನಗು ಇಲ್ಲ, ಸೂಜಿ ದಾರ ಹಿಡ್ದಿರೋ ಬೆರಳು ಮಾತ್ರ ಬಿಗಿಯಾಗಿದೆ. ಇಪ್ಪತ್ತೆರಡು ವರ್ಷದ ಹುಡುಗಿ ಬರೆದದ್ದು ಇದು.

ಮದುವೆ, ಆಮೇಲೆ

1636ರ ಜೂನ್ 1ಕ್ಕೆ ಅವಳು ಯಾನ್ ಮೀನ್ಸೆ ಮೊಲೆನಾರ್ ಅನ್ನೋ ಚಿತ್ರಗಾರನ್ನ ಮದುವೆ ಆದ್ಳು. ಆಮ್‌ಸ್ಟರ್‌ಡ್ಯಾಮಿಗೆ ಹೋದ್ರು, ಅಲ್ಲಿ ಚಿತ್ರದ ಮಾರುಕಟ್ಟೆ ದೊಡ್ಡದು, ಹನ್ನೊಂದು ವರ್ಷ ಇದ್ದು ಆಮೇಲೆ ಹಾರ್ಲೆಮ್ ಪಕ್ಕದ ಹೇಮ್‌ಸ್ಟೇಡಿಗೆ ಬಂದ್ರು. ಐದು ಮಕ್ಕಳು, ದೊಡ್ಡವರಾಗೋ ತನಕ ಉಳಿದಿದ್ದು ಎರಡು. ಮದುವೆ ಆದ್ಮೇಲೆ ಅವಳದ್ದು ಅಂತ ಸಿಗೋ ಚಿತ್ರ ಬೆರಳೆಣಿಕೆ, 1643ರ ಟ್ಯೂಲಿಪ್ ಹೂವಿನದ್ದು, 1654ರ ಒಂದು ಹೂವಿನ ಚಿತ್ರ, ಇಂಥವು. ಒಂದೇ ಕೋಣೇಲಿ ಇಬ್ರೂ ಕೆಲಸ ಮಾಡ್ತಿದ್ರೆ, ಅದೇ ಮಾಡೆಲ್‌ಗಳು, ಅದೇ ಸಾಮಾನು ಇಬ್ರ ಚಿತ್ರದಲ್ಲೂ ಬರ್ತಿದ್ರೆ, ಯಾವುದ್ರಲ್ಲಿ ಯಾರ ಕೈ ಎಷ್ಟು ಅಂತ ಹೇಳೋದು ಕಷ್ಟವೇ.

ಎಲ್ರೂ ಇಲ್ಲಿಗೆ ಬಂದು ನೋಡಿ ಮದುವೆ ಅವಳನ್ನ ಮುಗಿಸ್ತು ಅಂತ ನಿಟ್ಟುಸಿರು ಬಿಟ್ಟು ಪ್ರಕರಣ ಮುಚ್ಚಿಬಿಡ್ತಾರೆ. ನಾನು ಒಪ್ಪಲ್ಲ. ಮದುವೆಯಿಂದ ಹೊಸ ಚಿತ್ರ ಕಮ್ಮಿ ಆಗಿರ್ಬಹುದು, ಹೌದು, ಅದು ನಷ್ಟವೇ. ಆದ್ರೆ ಮೊದಲೇ ಬರೆದು, ಸಹಿ ಹಾಕಿ, ಮಾರಿ ಆಗಿದ್ದ ಚಿತ್ರಗಳಿಂದ ಹೆಸರು ಯಾಕೆ ಹೋಯ್ತು? ಅದಕ್ಕೆ ಮದುವೆ ಉತ್ತರ ಕೊಡಲ್ಲ. 1648ರಲ್ಲಿ, ಅಂದ್ರೆ ಮದುವೆ ಆಗಿ ಹನ್ನೆರಡು ವರ್ಷ ಆದ್ಮೇಲೂ, ಅವಳನ್ನ ದಾರಿನಕ್ಷತ್ರ ಅಂತ ಊರು ಹೊಗಳ್ತಿತ್ತಲ್ಲ.

ನನ್ನ ಪ್ರಕಾರ ನಿಜವಾದ ತಿರುವು 1668. ಜೂಡಿತ್ 1660ರ ಫೆಬ್ರವರಿಯಲ್ಲಿ ತೀರ್ಕೊಂಡ್ಳು, ಐವತ್ತು ವರ್ಷ. ಗಂಡ ಎಂಟು ವರ್ಷ ಬಿಟ್ಟು ಹೋದ. ಅವನು ಹೋದ್ಮೇಲೆ ಮನೇಲಿದ್ದ ವಸ್ತುಗಳ ಪಟ್ಟಿ ಮಾಡಿದ್ರು, ಎಲ್ಲ ಮನೆಗಳಲ್ಲೂ ಮಾಡೋ ಥರ, ಮಂಚ, ಪಾತ್ರೆ, ಚಿತ್ರ ಎಲ್ಲಾ. ಆ ಪಟ್ಟಿಯಲ್ಲಿ ಅವಳ ಎಷ್ಟೋ ಚಿತ್ರಗಳ ಮುಂದೆ ಬರೆದವ್ರು ಯಾರು ಅಂದ್ರೆ, ಮೃತರ ಹೆಂಡತಿ. ಜೂಡಿತ್ ಲೈಸ್ಟರ್ ಅಂತ ಬರೀಲಿಲ್ಲ. ಬರೆದವನಿಗೆ ಕೆಟ್ಟ ಉದ್ದೇಶ ಇತ್ತು ಅಂತ ನಾನು ಹೇಳಲ್ಲ, ಅವನಿಗೆ ಅವಳು ಯಾರು ಅಂತ ಗೊತ್ತಿತ್ತು, ಮನೆಯವ್ರಿಗೂ ಗೊತ್ತಿತ್ತು. ಆದ್ರೆ ಅಂಥ ಪಟ್ಟಿಯಿಂದ ಒಂದು ಚಿತ್ರ ಹರಾಜಿಗೆ ಹೋಗಿ, ಇನ್ನೊಂದೂರು ಸೇರಿ, ಎರಡು ತಲೆಮಾರು ಕಳೆದ್ರೆ ಮೃತರ ಹೆಂಡತಿ ಅಂದ್ರೆ ಯಾರು? ಚಿತ್ರದ ಮೂಲೇಲಿ ಜೆ, ಎಲ್, ನಕ್ಷತ್ರ ಇದೆ, ಅದನ್ನ ಓದೋಕೆ ಗೊತ್ತಿದ್ದೋರು ಹಾರ್ಲೆಮ್ ಮಣ್ಣಲ್ಲಿ ಮಲಗಿದಾರೆ. ಹೊರಗಡೆ ಹಾಲ್ಸ್ ಬೆಲೆ 19ನೇ ಶತಮಾನದಲ್ಲಿ ಏರ್ತಾ ಹೋಯ್ತು. ಓದೋಕೆ ಬಾರದ ಒಂದು ಗುರುತು, ಅದ್ರ ಪಕ್ಕ ದುಡ್ಡು ತರೋ ಒಂದು ಹೆಸರು.

ಮುಚ್ಚಿದ್ದು ಒಂದು ಸಲ ಅಲ್ಲ. 1890ರಲ್ಲಿ ಬ್ರಸೆಲ್ಸಲ್ಲಿ ಮಾರಾಟ ಆದ ಅವಳ ಇನ್ನೊಂದು ಚಿತ್ರದಲ್ಲಿ ಜೆ ಎಲ್ ಗುರುತನ್ನೇ ಒರಟೊರಟಾಗಿ ತಿದ್ದಿ ಎಫ್ ಎಚ್, ಅಂದ್ರೆ ಫ್ರಾನ್ಸ್ ಹಾಲ್ಸ್, ಮಾಡಿದ್ರು. ತಿದ್ದೋನು ಆ ಗುರುತನ್ನ ನೋಡಿಯೇ ತಿದ್ದಿರ್ಬೇಕಲ್ಲ! ಅದಕ್ಕೇ ಇದನ್ನ ಬರೀ ಮರೆವು ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ.

ಕೋರ್ಟು

ಈಗ 1893ಕ್ಕೆ ವಾಪಸ್. ಲಂಡನ್ ಕೋರ್ಟಲ್ಲಿ ಮೇ 31ಕ್ಕೆ ಕೇಸು ರಾಜಿಯಲ್ಲಿ ಮುಗೀತು. ಅಂಗಡಿಯವ್ರು ಚಿತ್ರ ಇಟ್ಕೊಳ್ಳೋದು, ಬೆಲೆ 4,500 ಪೌಂಡಿನಿಂದ 3,500ಕ್ಕೆ ಇಳಿಯೋದು, ಖರ್ಚಿನ ಬಾಬ್ತು 500 ಪೌಂಡ್ ಬೇರೆ. ನಿಂತು ಯೋಚನೆ ಮಾಡಿ. ಮರದ ಹಲಗೆ ಅದೇ, ಬಣ್ಣ ಅದೇ, ಪಿಟೀಲಿನವನು ಅದೇ ಪಿಟೀಲು ನುಡಿಸ್ತಿದಾನೆ, ಹಿಂದಿನ ವರ್ಷ ಅತ್ಯುತ್ತಮ ಅಂತ ಹೊಗಳಿಸ್ಕೊಂಡ ಚಿತ್ರದಿಂದ ಸಾವಿರ ಪೌಂಡ್ ಉದುರಿದ್ದು ಹೆಸರು ಬದಲಾದ್ದಕ್ಕೆ ಮಾತ್ರ. ಇಡೀ ಕೇಸಲ್ಲಿ ವಾದ ಆಗಿದ್ದು ಇದು ಹಾಲ್ಸ್ ಅಲ್ಲ, ದುಡ್ಡು ಕೊಡಿ ಅನ್ನೋದ್ರ ಮೇಲೆ. ಹಾಲ್ಸ್ ಅಲ್ಲ ಅಂದ್ರೆ ಹಾಲ್ಸ್ ಅಂತ ಎಲ್ಲರನ್ನೂ ನಂಬಿಸೋ ಅಷ್ಟು ಚೆನ್ನಾಗಿ ಬರೆದವ್ರು ಯಾರು ಅಂತ ಖುಷಿಯಿಂದ ಒಬ್ರೂ ಕೇಳ್ಲಿಲ್ಲ.

ಕೇಳಿದೋರು ಕೋರ್ಟಿನ ಹೊರಗಿದ್ರು. ಕೊರ್ನೇಲಿಸ್ ಹಾಫ್‌ಸ್ಟೇಡ್ ದ ಖ್ರೋಟ್, ಡಚ್ ಕಲಾಚರಿತ್ರೆಕಾರ, ಆಗ ಮೂವತ್ತರ ಒಳಗಿನ ವಯಸ್ಸು. ಅದೇ 1893ರಲ್ಲಿ ಅವ್ರು ಒಂದು ಲೇಖನ ಬರೆದು ಏಳು ಚಿತ್ರಗಳನ್ನ ಜೂಡಿತ್ ಲೈಸ್ಟರ್ ಹೆಸರಿಗೆ ವಾಪಸ್ ಕೊಟ್ರು, ಅದ್ರಲ್ಲಿ ಆರರ ಮೇಲೆ ಅವಳ ಗುರುತು ಇತ್ತು. ಏಳರಲ್ಲಿ ಆರು! ಅಂದ್ರೆ ಅವಳು ಎಲ್ಲೂ ಅಡಗಿ ಕೂತಿರ್ಲಿಲ್ಲ, ಸಹಿ ಕಣ್ಣ ಮುಂದೇನೇ ಇತ್ತು, ಬೇಕಾಗಿದ್ದು ಎರಡು ಅಕ್ಷರವನ್ನೂ ನಕ್ಷತ್ರವನ್ನೂ ಒಂದು ಹೆಸರಿಗೆ ಜೋಡಿಸೋದು. ಆಂಪ್ಸಿಂಗ್, ಸ್ಕ್ರೆವೇಲಿಯಸ್ ಬರೆದಿಟ್ಟ ಹೊಗಳಿಕೆ ಅಷ್ಟು ವರ್ಷ ಕಪಾಟಲ್ಲೇ ಇತ್ತು.

ಚಿತ್ರ ಬರೆದವ್ರು ಯಾರು ಅಂತ ನೋಡೋ ಕೆಲಸದಲ್ಲಿರೋರು, ಹಳೇ ಮನೆ ಗೋಡೆ ಮೇಲಿರೋ ಚಿತ್ರಗಳ ಪಟ್ಟಿ ಮಾಡೋ ಹುಡುಗ್ರು, ಇವ್ರಿಗೆ ನಾನು ಈ ಪ್ರಕರಣದಿಂದ ತೆಗ್ದು ಕೊಡೋದು ಎರಡು ಮಾತು. ಶೈಲಿ ನೋಡಿ ಹೆಸರು ಹೇಳೋಕೆ ಮುಂಚೆ ಸಹಿ ಜಾಗದ ಬಣ್ಣ ಉಳಿದ ಬಣ್ಣದ ಜೊತೆಗೇ ಬಿರುಕು ಬಿಟ್ಟಿದ್ಯಾ ಅಥ್ವಾ ಬಿರುಕಿನ ಮೇಲೆ ಹರಿದಿದ್ಯಾ ಅಂತ ನೋಡಿ, ಆಮೇಲೆ ಹಾಕಿದ ಸಹಿ ಹಳೇ ಬಿರುಕಿನೊಳಗೆ ಇಳಿದಿರುತ್ತೆ. ಇನ್ನೊಂದು, ಪಟ್ಟಿ ಮಾಡೋವಾಗ ಇಂಥವ್ರ ಹೆಂಡತಿ, ಇಂಥವ್ರ ಮಗಳು, ಇಂಥವ್ರ ಸೊಸೆ ಅಂತ ಮಾತ್ರ ಬರೀಬೇಡಿ, ದಯವಿಟ್ಟು ಅವಳ ಹೆಸರು ಕೇಳಿ ಬರೀರಿ, ನಿಮಗೆ ಗೊತ್ತಿರೋದು ನಿಮ್ಮ ಮೊಮ್ಮಕ್ಕಳಿಗೆ ಗೊತ್ತಿರಲ್ಲ.

ಕೇಸಿನ ಚಿತ್ರ ಕೊನೆಗೆ ಪ್ಯಾರಿಸ್ಸಿನ ಆ ಗಿರಾಕಿಯ ಸಂಗ್ರಹದಿಂದಲೇ 1914ರಲ್ಲಿ ಉಯಿಲಿನ ಮೂಲಕ ಲೂವ್ರ್ ಮ್ಯೂಸಿಯಂಗೆ ಬಂತು. ಫಿಲಡೆಲ್ಫಿಯಾದಲ್ಲಿರೋ ಇನ್ನೊಂದು ಚಿತ್ರ, ರಾತ್ರಿ ಹೊತ್ತು ಇಬ್ರು ಕೊನೇ ಹನಿ ತನಕ ಕುಡೀತಿರೋದು, ಅದ್ರಲ್ಲಿ ಮರಳು ಗಡಿಯಾರ, ತಲೆಬುರುಡೆ ಹಿಡ್ದು ಬರೋ ಒಂದು ಅಸ್ಥಿಪಂಜರ ಇತ್ತು, ಯಾರೋ ಬಣ್ಣ ಬಳಿದು ಮುಚ್ಚಿಬಿಟ್ಟಿದ್ರು, 1993ರಲ್ಲಿ ಆ ಬಣ್ಣ ತೆಗೆದ್ಮೇಲೆ ಅದು ಮತ್ತೆ ಆಚೆ ಬಂತು.

ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಅವಳು ತನ್ನನ್ನೇ ಬರ್ಕೊಂಡ ಚಿತ್ರ ಇದೆ, 1630ರ ಸುಮಾರಿನದು, ಇದೂ ಬಹಳ ಕಾಲ ಹಾಲ್ಸ್ ಹೆಸರಲ್ಲೇ ಓಡಾಡ್ತು. ಕುರ್ಚಿ ಬೆನ್ನಿಗೆ ಮೊಣಕೈ ಊರಿ, ಕೆಲಸದ ಮಧ್ಯೆ ಯಾರೋ ಕರೆದಂಗೆ ನಮ್ಮ ಕಡೆ ತಿರುಗಿದಾಳೆ, ಬಾಯಿ ಅರ್ಧ ತೆರೆದಿದೆ, ಎಡಗೈಲಿ ಬಣ್ಣದ ಹಲಗೆ, ಒಂದು ಹಿಡಿ ಕುಂಚ. ಕತ್ತಲ್ಲಿ ಎಷ್ಟು ದೊಡ್ಡ ಬಿಳಿ ಕಾಲರ್ ಅಂದ್ರೆ ಅದನ್ನ ಹಾಕ್ಕೊಂಡು ಯಾರೂ ಬಣ್ಣದ ಕೆಲಸ ಮಾಡಲ್ಲ, ನಾನು ಈ ಊರಿನ ಮರ್ಯಾದಸ್ಥ ಕಸುಬುದಾರಳು ಅಂತ ಹೇಳೋಕೆ ಹಾಕ್ಕೊಂಡಿರೋದು. ಚಿತ್ರ ನಿಲ್ಲಿಸೋ ಈಸಲ್ ಮೇಲೆ ಅರ್ಧ ಮುಗಿದ ಚಿತ್ರದಲ್ಲಿ ನಗ್ತಾ ಪಿಟೀಲು ನುಡಿಸೋನು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಲ್ಲಿ ಫೋಟೊ ತೆಗೆದು ನೋಡಿದಾಗ ಆ ಪಿಟೀಲಿನವನ ಕೆಳಗೆ ಮೊದಲು ಒಬ್ಬ ಹೆಂಗಸಿನ ಮುಖ ಇತ್ತು ಅಂತ ಗೊತ್ತಾಯ್ತು, ಬಹುಶಃ ಅವಳದೇ ಮುಖ. ತನ್ನ ಮುಖ ಇನ್ನೊಂದ್ಸಲ ಯಾಕೆ, ಮಾರಾಟ ಆಗೋದು ಈ ಪಿಟೀಲಿನವನು ಅಂತ ಅನ್ಸಿರ್ಬೇಕು ಅವಳಿಗೆ, ಕುಂಚ ತಗೊಂಡು ಅದ್ರ ಮೇಲೆ ಅವನನ್ನ ಬರೆದ್ಳು. ಅವಳ ಬಲಗೈ ಕುಂಚದ ತುದಿ ಇನ್ನೂ ಅವನ ಕಡೆಗೇ ಇದೆ.